ಮಡಿಲಿನ ಅಳತೆ

ಫೋವಾ ದ್ವೀಪ, ಟೋಂಗಾ
3 ಮಾರ್ಚ್ 1997

ಸುಲಿಯೆತಿ, ನನ್ನ ಅಣ್ಣನ ಮಗಳೇ,

ನಿನ್ನ ತಮ್ಮ ಫೆಲೆತಿಗೆ ಕೊನೆಗೂ ಹೆಣ್ಣು ಗೊತ್ತಾಯಿತು. ಪಾಂಗೈ ಕಡೆಯ ಪಿಸಿಲಾ. ಒಳ್ಳೆಯ ಹುಡುಗಿ, ಚರ್ಚಿನಲ್ಲಿ ಹಾಡುತ್ತಾಳೆ. ಸ್ವಲ್ಪ ಬಡಕಲು, ಅದಕ್ಕೇನು, ನಮ್ಮ ಮನೆಗೆ ಬಂದ ಮೇಲೆ ಮೈಗೆ ಹತ್ತುವ ಹಾಗೆ ತಿನ್ನಿಸಿದರಾಯಿತು. ಆಗಸ್ಟ್ ಕೊನೆಯ ಶನಿವಾರ ಮದುವೆ. ಅವನನ್ನು ನೀನು ನೋಡಬೇಕು. ರಗ್ಬಿ ಮೈದಾನದಲ್ಲಿ ನಾಲ್ಕು ಜನರನ್ನು ಎತ್ತಿ ಒಗೆಯುವವನು, ಪಿಸಿಲಾ ಹೆಸರೆತ್ತಿದರೆ ತಲೆ ತಗ್ಗಿಸಿ ಕಾಲ್ಬೆರಳಿನಲ್ಲಿ ಮರಳು ಕೆದಕುತ್ತಾನೆ.

ಈಗ ಮುಖ್ಯ ವಿಷಯ. ನಮ್ಮ ಮನೆತನದಲ್ಲಿ ಮದುಮಗ ಸೋದರತ್ತೆಯ ತೊಡೆಯ ಮೇಲೆ ಕೂತ ಮೇಲೆಯೇ ಮದುಮಗ ಎನ್ನಿಸಿಕೊಳ್ಳುವುದು. ನಿನ್ನಪ್ಪ ನಮ್ಮತ್ತೆಯ ಮಡಿಲಲ್ಲಿ ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹೆಂಗಸಿನ ಮಡಿಲು ಒಂದು ಅಂಗಳ. ನಿನ್ನಪ್ಪ ಅದರಲ್ಲಿ ಚಿಕ್ಕ ಮಗುವಿನ ಹಾಗೆ ಕಾಣುತ್ತಿದ್ದ. ಮದುವೆಯ ಕುಣಿತ ಮುಗಿಯುವವರೆಗೂ ಅವಳು ಕದಲಲಿಲ್ಲ.

ಈ ಸಲ ನಾನು ಕೂರುವುದಿಲ್ಲ, ನೀನು ಕೂರಬೇಕು. ನನ್ನ ನಂತರ ಆ ಹಕ್ಕು ಈ ಮನೆಯ ಹೆಣ್ಣುಮಗಳಾದ ನಿನ್ನದು. ನನ್ನ ಮಂಡಿ ಹಿಡಿದುಕೊಂಡಿದೆ, ಕಾರಣ ಅಷ್ಟೇ. ನಿನಗಾದರೆ ದೇವರು ಅಗಲವಾದ ಮಡಿಲು ಕೊಟ್ಟಿದ್ದಾನೆ. ಹಿಂದಿನ ಸಲ ನೀನು ಬಂದು ಹೋದ ಮೇಲೆ ಹೆಂಗಸರು, "ಯಾರೇ ಅದು, ಎಷ್ಟು ಚೆಂದ ಮೈಕೈ ತುಂಬ್ಕೊಂಡಿದೆ" ಅಂತ ಕೇಳಿದ್ದೇ ಕೇಳಿದ್ದು.

ನೀನು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯನ್ನು ನಾವೇ ಹೆಣೆಯುತ್ತೇವೆ. ಕೇದಗೆಯ ಗರಿ ಸೀಳಿ ಒಣಗಿಸಿ ಇಟ್ಟಾಗಿದೆ. ಸೊಂಟದ ಸುತ್ತ ಒಂದು ದಾರ ಹಿಡಿದು, ಎರಡು ತುದಿ ಸೇರುವ ಕಡೆ ಕತ್ತರಿಸಿ ಟಪಾಲಿಗೆ ಹಾಕು. ಫೋನು ಮಾಡಬೇಡ. ಅಂಗಡಿಯ ಫೋನಿನಲ್ಲಿ ಮಾತಾಡುವುದೂ ಒಂದೇ, ಊರಿಗೆ ಡಂಗುರ ಸಾರುವುದೂ ಒಂದೇ.

ಮರೆತಿದ್ದೆ. ಚರ್ಚಿನಲ್ಲಿ ಈಗ ತೂಕ ಇಳಿಸುವ ಪಂದ್ಯ ಶುರುವಾಗಿದೆ. ಪ್ರಾರ್ಥನೆ ಮುಗಿದ ಮೇಲೆ ಸಾಲಾಗಿ ನಿಂತು ತಕ್ಕಡಿ ಹತ್ತಬೇಕು. ಮೊದಲನೇ ಬಹುಮಾನ ಯಾರಿಗೆ ಬಂತು ಹೇಳು? ನಿನ್ನ ಅತ್ತೆಗೆ. ಓಡುವ ಬೂಟು ಕೊಟ್ಟರು. ಒಂದರಲ್ಲಿ ಮೆಣಸಿನ ಗಿಡ ನೆಟ್ಟಿದ್ದೇನೆ.

ನಿನ್ನ ಅತ್ತೆ,
ಲೆಸಿಯೇಲಿ

*

ಬ್ರಿಸ್ಬೇನ್
30 ಮಾರ್ಚ್ 1997

ಅತ್ತೆಗೆ ನಮಸ್ಕಾರ.

ಫೆಲೆತಿಯ ಸುದ್ದಿ ಓದಿ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಕೆಳಗಿನ ಮನೆಯವರು ಕೋಲಿನಿಂದ ಸೂರಿಗೆ ಕುಟ್ಟಿದರು. ನಿಲ್ಲಿಸಿದೆ. ಆಮೇಲೆ ಕೂತು ಮುಂದಕ್ಕೆ ಓದಿದೆ.

ಅಗಲವಾದ ಮಡಿಲು.

ಅತ್ತೆ, ನೀವು ಪ್ರೀತಿಯಿಂದಲೇ ಬರೆದಿರಬಹುದು. ಆದರೆ ಆ ಎರಡು ಪದ ಓದಿದ ಮೇಲೆ ನಾನು ಊಟ ಮಾಡಲಿಲ್ಲ. ನಿಮಗೆ ಮಂಡಿ ನೋವಾದರೆ ಹೇಳಿ, ಕಂಬಕ್ಕೆ ಒರಗಿಕೊಂಡು ಕೂರಬಹುದು, ಹಿಂದೆ ದಿಂಬು ಇಡಬಹುದು. ಅದನ್ನು ಬಿಟ್ಟು, "ನೋಡಿ, ನಮ್ಮ ಮನೆಯಲ್ಲಿ ಇಷ್ಟು ದೊಡ್ಡದೊಂದಿದೆ" ಎಂದು ನನ್ನನ್ನು ಇಡೀ ಊರಿನ ಮುಂದೆ ಚಾಪೆಯ ಮೇಲೆ ಕೂರಿಸಬೇಡಿ. ನಾನು ಪೀಠೋಪಕರಣವಲ್ಲ.

ಇಲ್ಲಿ ಕಾಲೇಜಿನಲ್ಲಿ ನಾನು ಏನು ಪಾಠ ಮಾಡುತ್ತೇನೆ ಎಂದು ನೀವು ಯಾವಾಗಲೂ ಕೇಳುತ್ತೀರಿ. ಹೇಳುತ್ತೇನೆ. ಮನುಷ್ಯ ಚೆನ್ನಾಗಿರುವಾಗ ಅವನಿಗೆ ತನ್ನ ದೇಹ ಮರೆತುಹೋಗಿರುತ್ತದೆ ಎಂದು ಪಾಠ ಮಾಡುತ್ತೇನೆ. ನಡೆಯುವಾಗ ಕಾಲಿನ ನೆನಪಿರುವುದಿಲ್ಲ, ಹೋಗುವ ಜಾಗದ ನೆನಪಿರುತ್ತದೆ. ಮುಳ್ಳು ಚುಚ್ಚಿದಾಗಲೇ ನನಗೊಂದು ಕಾಲಿದೆ ಎಂದು ಗೊತ್ತಾಗುವುದು. ಇದನ್ನು ಬಹಳ ದೊಡ್ಡ ತತ್ವಜ್ಞಾನಿಗಳು ಹೇಳಿದ್ದಾರೆ, ಅವರೆಲ್ಲ ಸಣ್ಣಗಿದ್ದರು ಅಂತ ಕಾಣುತ್ತದೆ. ಪಾಠ ಮುಗಿಸಿ ನಾನು ಕುರ್ಚಿಯಲ್ಲಿ ಕೂರುತ್ತೇನೆ. ಕುರ್ಚಿಯ ಎರಡು ಕೈಗಳು ಎರಡೂ ಕಡೆಯಿಂದ ಒತ್ತುತ್ತವೆ. ಬಸ್ಸಿನಲ್ಲಿ ಜನ ನಿಂತಿದ್ದರೂ ನನ್ನ ಪಕ್ಕದ ಸೀಟು ಖಾಲಿ. ಬಟ್ಟೆಯಂಗಡಿಗೆ ಹೋದರೆ ಅಲ್ಲಿನ ಹುಡುಗಿ ನಗುತ್ತಾ, "ಹ್ಯಾಂಡ್‌ಬ್ಯಾಗ್ ತೋರಿಸ್ಲಾ ಮೇಡಂ?" ಎನ್ನುತ್ತಾಳೆ. ಕೆಮ್ಮು ಎಂದು ಡಾಕ್ಟರ ಬಳಿ ಹೋದರೆ ಅವರು ನನ್ನ ಹೊಟ್ಟೆಯ ಬಗ್ಗೆ ಮಾತಾಡುತ್ತಾರೆ. ನನ್ನ ದೇಹವನ್ನು ಮರೆಯಲು ನನಗೆ ಯಾರೂ ಬಿಡುವುದಿಲ್ಲ ಅತ್ತೆ. ಈ ಊರೇ ಕಾಲಿಗೆ ಚುಚ್ಚಿದ ಮುಳ್ಳು.

ನಮ್ಮೂರಿಗೆ ಬಂದರೆ ಬೇರೆಯಾಗಿರುತ್ತದೆ ಎಂದುಕೊಂಡೇ ಹಿಂದಿನ ಸಲ ಬಂದೆ. ಹೊರಡುವ ದಿನ ಸಣ್ಣ ವಿಮಾನದ ಶೆಡ್ಡಿನಲ್ಲಿ ಏನಾಯಿತು ನೆನಪಿದೆಯಾ? ವಿಮಾನದ ಭಾರದ ಲೆಕ್ಕಕ್ಕೆಂದು ಚೀಲ ತೂಗುವ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸಿ, ಆ ಮೊಸೆಸೆ ನನ್ನ ತೂಕವನ್ನು ಇಡೀ ಶೆಡ್ಡಿಗೆ ಕೇಳುವಂತೆ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನೀವೂ ಚಪ್ಪಾಳೆ ತಟ್ಟಿದಿರಿ.

ಮದುವೆಗೆ ಬರುತ್ತೇನೆ. ಬಂದು ಮೂಲೆಯಲ್ಲಿ ಕೂರುತ್ತೇನೆ. ಮಡಿಲಿನ ಮಾತು ಬೇಡ.

ಸುಲಿಯೆತಿ

*

ಫೋವಾ
21 ಏಪ್ರಿಲ್ 1997

ಸುಲಿಯೆತಿ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ಸಿಟ್ಟು ಬಂತು. ಆಮೇಲೆ ಒಂದು ದೀವಿಹಲಸು ಸುಟ್ಟು ತಿಂದು, ಪುನಃ ಮೊದಲಿಂದ ಓದಿದೆ.

ಮೊಸೆಸೆ ಯಾರು ಅಂದುಕೊಂಡೆ? ನಿನ್ನ ದೊಡ್ಡಪ್ಪನ ಮಗ. ಅವನು ಕೂಗಿದ್ದು ನಿನ್ನ ಮಾನ ಕಳೆಯಲಿಕ್ಕಲ್ಲ. ನಿನ್ನಮ್ಮ ಆ ಪರದೇಶದಲ್ಲಿ ಹೋಗಿಬಿಟ್ಟಾಗ ನಮಗೆಲ್ಲ ಇದ್ದ ಭಯ ಒಂದೇ. ಹುಡುಗಿಗೆ ಬಡಿಸುವವರು ಯಾರು? ಒಬ್ಬಳೇ ಒಲೆ ಹಚ್ಚಿಕೊಂಡು ಒಬ್ಬಳೇ ತಿನ್ನುವವಳ ಗಂಟಲಿನಲ್ಲಿ ಅನ್ನ ಇಳಿಯುತ್ತದೆಯೇ? ನಮ್ಮ ಮಗು ಉಪವಾಸ ಬಿದ್ದಿಲ್ಲ, ತಬ್ಬಲಿಯಾಗಿಲ್ಲ ಅಂತ ಅವನು ಊರಿಗೆ ತಿಳಿಸಿದ. ನಾವು ಚಪ್ಪಾಳೆ ತಟ್ಟಿದ್ದು ಆ ಭಯ ಹೋಯಿತಲ್ಲ ಅಂತ. ನೀನು ಅಲ್ಲಿ ನಿಂತು ನೆಲ ಬಿರಿಯಲಿ ಅಂತ ಬೇಡಿಕೊಳ್ಳುತ್ತಿದ್ದೆ ಎಂದು ನಮಗೆ ಹೇಗೆ ಗೊತ್ತಾಗಬೇಕು? ಹಲ್ಲು ಬಿಟ್ಟು ನಗುತ್ತಿದ್ದೆಯಲ್ಲೇ.

ನಿನ್ನ ತತ್ವಜ್ಞಾನಿಗಳು ಹೇಳಿದ್ದು ನನಗೆ ಹಿಡಿಸಿತು. ಸಣ್ಣಗಿದ್ದರು ಅಂತ ನೀನು ಸೇರಿಸಿದ್ದು ಇನ್ನೂ ಹಿಡಿಸಿತು. ಆದರೆ ಮುಳ್ಳು ಊರಿನದು ಎಂದ ಮೇಲೆ ಕಾಲನ್ನು ಯಾಕೆ ಬಯ್ಯುತ್ತೀಯ? ನಾನೂ ಮೂವತ್ತು ವರ್ಷ ಪಾಠ ಹೇಳಿದವಳು, ಹೆಡ್‌ಮಿಸ್ಸಾಗಿ ನಿವೃತ್ತಿಯಾದವಳು. ಇಷ್ಟು ಅರ್ಧಂಬರ್ಧ ಉತ್ತರ ಬರೆದಿದ್ದರೆ ಪುನಃ ಬರೆಸುತ್ತಿದ್ದೆ.

ನಾನು ಕೂರಲಾರೆ. ಯಾಕೆ ಅಂತ ಕೇಳಬೇಡ. ಮಂಡಿ ಅಂದೆನಲ್ಲ, ಮಂಡಿಯೇ. ದಿಂಬು ಇಟ್ಟರೂ ಆಗುವುದಿಲ್ಲ. ನೀನೂ ಕೂರದಿದ್ದರೆ ಫೆಲೆತಿ ಬರೀ ನೆಲದ ಮೇಲೆ ಕೂರುತ್ತಾನೆ. ತಾಯಿತಂದೆ ಇಲ್ಲದ ಹುಡುಗ ಬರೀ ನೆಲದ ಮೇಲೆ. ಪಿಸಿಲಾ ಕಡೆಯವರು ಎದುರಿಗೆ ಕೂತು ನೋಡುತ್ತಾರೆ.

ನಮ್ಮಲ್ಲಿ ಅಣ್ಣನ ಮಕ್ಕಳು ಅತ್ತೆಯ ಮಾತಿಗೆ ಇಲ್ಲ ಅನ್ನುವುದಿಲ್ಲ. ನಿನ್ನ ಕಾಲೇಜಿನಲ್ಲಿ ಏನು ನಡೆಯುತ್ತದೋ ಗೊತ್ತಿಲ್ಲ, ಇಲ್ಲಿ ಇದು ನಡೆಯುತ್ತದೆ. ದಾರ ಕಳಿಸು.

ಅತ್ತೆ

*

ಬ್ರಿಸ್ಬೇನ್
19 ಮೇ 1997

ಅತ್ತೆ,

ನಿಮ್ಮ ಅಪ್ಪಣೆಯಂತೆ ಆಗಲಿ. ಫೆಲೆತಿಗಾಗಿ ಕೂರುತ್ತೇನೆ.

ದಾರ ಇದರ ಜೊತೆಗಿದೆ. ಸರಿಯಾಗಿ ಅಳೆದಿದ್ದೇನೆ.

ಪರೀಕ್ಷೆಯ ಕೆಲಸ ಬಹಳ ಇದೆ. ಹೆಚ್ಚು ಬರೆಯಲು ಆಗುತ್ತಿಲ್ಲ.

ಸುಲಿಯೆತಿ

*

ಫೋವಾ
9 ಜೂನ್ 1997

ನನ್ನ ಕಂದ,

ದಾರ ಬಂತು. ಚಾಪೆ ಹೆಣೆಯುವ ಮನೆಯಲ್ಲಿ ಎಲ್ಲರ ಎದುರಿಗೇ ಕವರು ಒಡೆದೆ. ಎಳೆದೆ, ಮುಗಿದೇಹೋಯಿತು. ಕವರಿನಲ್ಲಿ ಇನ್ನರ್ಧ ಉಳಿದಿರಬೇಕು ಅಂತ ಬೋರಲು ಹಾಕಿ ಕೊಡವಿದೆ. ಹೆಂಗಸರು ಹಾಡು ನಿಲ್ಲಿಸಿದರು. ಕಾಲೋ ಮುದುಕಿ ದಾರವನ್ನು ಕೈಗೆ ತಗೊಂಡು ಸುಮ್ಮನೆ ನೋಡಿದಳು, ಮತ್ತೆ ನನ್ನ ಮಡಿಲಿಗೆ ಇಟ್ಟಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಆ ದಾರವನ್ನು ನನ್ನ ಸೊಂಟಕ್ಕೆ ಸುತ್ತಿ ನೋಡಿದೆ. ನನಗೆ ಸರಿಯಾಯಿತು.

ಸುಲಿಯೆತಿ, ಈಗ ನಿಜ ಹೇಳು. ಯಾವಾಗಲೂ ಸೆಕೆ ಸೆಕೆ ಅನ್ನಿಸುತ್ತದೆಯಾ? ತಿಂದರೂ ತಿಂದರೂ ಹಸಿವಾಗುತ್ತದೆಯಾ? ಸೂಜಿಗೆ ದಾರ ಪೋಣಿಸುವಾಗ ಕೈ ನಡುಗುತ್ತದೆಯಾ? ಸುಮ್ಮನೆ ಮಲಗಿದ್ದರೂ ಎದೆ ಡವಡವ ಹೊಡೆದುಕೊಳ್ಳುತ್ತದೆಯಾ? ಹೌದು ಅಂತಾದರೆ ನನಗಾದದ್ದೇ ನಿನಗೂ ಆಗಿದೆ.

ನಿನ್ನ ಹತ್ತಿರ ಮುಚ್ಚಿಟ್ಟಿದ್ದೆ. ಮಂಡಿ ಚೆನ್ನಾಗಿಯೇ ಇದೆ, ಮಡಿಲು ಹೋಗಿದೆ. ಒಂದು ವರ್ಷದಿಂದ ಸೊರಗುತ್ತಿದ್ದೇನೆ. ತಿನ್ನುವುದು ಮೊದಲಿಗಿಂತ ಹೆಚ್ಚು, ಮೈಗೆ ಹತ್ತುವುದು ಏನೂ ಇಲ್ಲ. ಚರ್ಚಿಗೆ ಹೋಗುವಾಗ ಲಂಗದೊಳಗೆ ಮರದ ತೊಗಟೆ ಬಡಿದು ಮಾಡಿದ ಹಳೆಯ ಬಟ್ಟೆ ಸುತ್ತಿಕೊಂಡು ಅದರ ಮೇಲೆ ಸೊಂಟದ ಚಾಪೆ ಬಿಗಿಯುತ್ತೇನೆ. ಆ ಪಂದ್ಯದ ದಿನ ಮಾತ್ರ ಅದೆಲ್ಲ ಬಿಚ್ಚಿ ತಕ್ಕಡಿ ಹತ್ತಬೇಕಾಯಿತು. ಮುಳ್ಳು ಅಲ್ಲಾಡಿ ನಿಂತದ್ದನ್ನು ಎರಡೆರಡು ಸಲ ನೋಡಿದೆ. ಉಳಿದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಹೇಗೆ ಮಾಡಿದ್ರಿ ಮಿಸ್, ನಮಗೂ ಹೇಳಿಕೊಡಿ" ಅಂದರು. ಬೂಟು ತಗೊಂಡು ನಕ್ಕೆ. ನೀನು ಶೆಡ್ಡಿನಲ್ಲಿ ನಕ್ಕೆಯಲ್ಲ, ಹಾಗೆಯೇ ಇರಬೇಕು.

ನಮ್ಮಮ್ಮ ಹೀಗೇ ಸೊರಗಿ ಸೊರಗಿ ಹೋದಳು. ಕೊನೆಗೆ ಅವಳನ್ನು ನಾನೊಬ್ಬಳೇ ಎತ್ತಿ ಸ್ನಾನ ಮಾಡಿಸುತ್ತಿದ್ದೆ, ಅಷ್ಟು ಹಗುರ. ಅದಕ್ಕೇ ಡಾಕ್ಟರ ಹತ್ತಿರ ಹೋಗಲಿಲ್ಲ. ಗೊತ್ತಿರುವುದನ್ನು ಕೇಳಲಿಕ್ಕೆ ಯಾಕೆ ಹೋಗಬೇಕು? ಮದುವೆ ಮುಗಿಯಲಿ ಅಂತಿದ್ದೆ. ಫೆಬ್ರವರಿಯಲ್ಲಿ ಫೆಲೆತಿ ತಮಾಷೆಗೆ ಓಡಿ ಬಂದು, "ಮದುವೆ ದಿನ ಹೇಗೆ ಕೂರೋದು ಅಂತ ನೋಡ್ತೀನತ್ತೆ" ಅಂತ ನನ್ನ ತೊಡೆಯ ಮೇಲೆ ಕೂತ. ಕೂತವನು ತಕ್ಷಣ ಎದ್ದ. "ಏನತ್ತೆ, ಬೇಲಿ ಮೇಲೆ ಕೂತಂಗಾಯ್ತು" ಅಂದು ನಕ್ಕ. ಪಾಪ, ಅವನಿಗೇನು ಗೊತ್ತು. ಅವನನ್ನು ಸಾಕಿದ್ದು ಇದೇ ಮಡಿಲಿನಲ್ಲಿ. ಅವನು ಆಚೆ ಹೋದ ಮೇಲೆ ಅತ್ತುಬಿಟ್ಟೆ. ಮಾರನೆಯ ವಾರ ನಿನಗೆ ಕಾಗದ ಬರೆದೆ.

ಈಗ ನೋಡಿದರೆ ನಿನ್ನದೂ ಹೀಗೆ. ಬರಬೇಡ, ಕೂರಬೇಡ, ಏನೂ ಬೇಡ. ಮೊದಲು ಅಲ್ಲಿ ದೊಡ್ಡ ಡಾಕ್ಟರಿಗೆ ತೋರಿಸು. ನನಗೆ ವಯಸ್ಸಾಗಿದೆ, ನಿನಗಿನ್ನೂ ಮೂವತ್ತೆರಡು. ಫೆಲೆತಿ ನೆಲದ ಮೇಲೆ ಕೂತರೆ ಕೂರಲಿ.

ಅತ್ತೆ

*

ಬ್ರಿಸ್ಬೇನ್
27 ಜೂನ್ 1997

ಅತ್ತೆ,

ನಿಮ್ಮ ಕಾಗದ ಇವತ್ತು ಬೆಳಗ್ಗೆ ಬಂತು. ಸಂಜೆಯ ವಿಮಾನಕ್ಕೆ ಇಲ್ಲಿನ ಪಾದ್ರಿಯ ಹೆಂಡತಿ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಮೊದಲು ಈ ಒಂದು ಸಾಲು ಓದಿ: ನನಗೆ ಏನೂ ಆಗಿಲ್ಲ. ನಿಮ್ಮ ಸೊಸೆ ಹಿಂದಿನ ಸಲಕ್ಕಿಂತ ಒಂದು ಸುತ್ತು ದಪ್ಪಗೇ ಇದ್ದಾಳೆ.

ದಾರ ಸುಳ್ಳು. ಕನ್ನಡಿಯ ಮುಂದೆ ನಿಂತು ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದು ಅಳೆದೆ. ಆದರೂ ದಾರ ಉದ್ದ ಅನ್ನಿಸಿತು. ಹೆಣೆಯುವ ಮನೆಯಲ್ಲಿ ಆ ದಾರ ಕೈಯಿಂದ ಕೈಗೆ ಹೋಗುವುದು, ಹೆಂಗಸರು ಅದನ್ನು ಎಳೆದು ಎಳೆದು ನೋಡುವುದು ಕಣ್ಣಿಗೆ ಕಟ್ಟಿತು. ಕತ್ತರಿ ತಗೊಂಡು ಇನ್ನೊಂದು ಮೊಳ ಕತ್ತರಿಸಿದೆ. ಮದುವೆಗೆ ಮೊದಲು ಉಪವಾಸ ಮಾಡಿ ಅಷ್ಟಕ್ಕೆ ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ನಕ್ಕಾರು ಎಂದು ಹೆದರಿ ಕತ್ತರಿಸಿದ ದಾರ ನೋಡಿ ಅವರು ಹಾಡು ನಿಲ್ಲಿಸಿದರು ಎಂದು ಓದಿದಾಗ, ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಳುತ್ತಾ ಅಳುತ್ತಾ ನಗುವೂ ಬಂತು. ನಾವಿಬ್ಬರೂ ಎಂಥವರು ಅತ್ತೆ. ನೀವು ಬಟ್ಟೆ ತುಂಬಿಕೊಂಡು ದಪ್ಪಗಾಗುತ್ತೀರಿ, ನಾನು ದಾರ ಕತ್ತರಿಸಿ ಸಣ್ಣಗಾಗುತ್ತೇನೆ.

ಈಗ ಅಪ್ಪಣೆ ಕೊಡುವ ಸರದಿ ನನ್ನದು. ಸೆಕೆ, ಹಸಿವು, ಕೈ ನಡುಕ, ಎದೆ ಬಡಿತ ಎಲ್ಲವನ್ನೂ ಕಾಲೇಜಿನ ಡಾಕ್ಟರಿಗೆ ಓದಿ ಹೇಳಿದೆ. ಅವರು ಈ ಸಲ ನನ್ನ ಹೊಟ್ಟೆಯ ಬಗ್ಗೆ ಮಾತಾಡಲಿಲ್ಲ. "ಇದು ಕತ್ತಿನ ಥೈರಾಯ್ಡ್ ಗ್ರಂಥಿ ಇರಬಹುದು. ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ. ಅದೇ ಆಗಿದ್ರೆ ಮಾತ್ರೆಗೆ ಬಗ್ಗುತ್ತೆ" ಎಂದರು. ನೋಡದೆ ಖಚಿತವಾಗಿ ಹೇಳಲಾರೆ ಎಂದೂ ಹೇಳಿದರು. ಹಾಗಾಗಿ ನೀವು ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮದುವೆ ಆದ ಮೇಲಲ್ಲ, ಈ ಕಾಗದ ಓದಿದ ಮಾರನೆಯ ದಿನ. ನೀವು ಹೋಗದಿದ್ದರೆ ನಾನು ಅಂಗಡಿಯ ಫೋನಿಗೆ ಫೋನು ಮಾಡುತ್ತೇನೆ, ಬೇಕೆಂದೇ ಗಟ್ಟಿಯಾಗಿ ಮಾತಾಡುತ್ತೇನೆ.

ಇನ್ನೊಂದು ಮಾತು. ಇಡೀ ದಿನ ಮಡಿಲಿನ ಬಗ್ಗೆಯೇ ಯೋಚಿಸುತ್ತಿದ್ದೇನೆ. ಕೈ ಇದೆ, ಕಾಲಿದೆ, ಸೊಂಟ ಇದೆ, ಇವೆಲ್ಲ ನಿಂತರೂ ಇರುತ್ತವೆ, ಮಲಗಿದರೂ ಇರುತ್ತವೆ. ಮಡಿಲು ಹಾಗಲ್ಲ. ಕೂತಾಗ ಹುಟ್ಟುತ್ತದೆ, ಎದ್ದಾಗ ಇಲ್ಲವಾಗುತ್ತದೆ. ಯಾವ ಡಾಕ್ಟರೂ ಅದನ್ನು ತೂಗಲಾರ. ಅದು ನಮ್ಮ ಮೈಯಲ್ಲೇ ಇದ್ದರೂ ನಮಗೆ ಉಪಯೋಗವಿಲ್ಲ, ನಮ್ಮ ಮಡಿಲಲ್ಲಿ ನಾವೇ ಕೂರಲು ಆಗುವುದಿಲ್ಲ. ಬೇರೆಯವರು ಬಂದರೇ ಅದಕ್ಕೆ ಅರ್ಥ. ದೇಹ ನನ್ನದು, ನನ್ನದು ಮಾತ್ರ ಎಂದು ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಅದು ಸುಳ್ಳಲ್ಲ. ಆದರೆ ಈ ಒಂದು ಭಾಗ ಆ ಪಾಠದಲ್ಲಿ ಇರಲಿಲ್ಲ.

ಹಾಗೆಂದು ನಿಮ್ಮೂರನ್ನು ಪೂರ್ತಿ ಒಪ್ಪಿಬಿಟ್ಟೆ ಅಂದುಕೊಳ್ಳಬೇಡಿ. ಪಿಸಿಲಾಳನ್ನು ಬಡಕಲು ಎಂದು ಮೊದಲ ಕಾಗದದಲ್ಲೇ ಬರೆದಿರಿ. ಬಡಕಲಾದವರಿಗೂ ಕಿವಿ ಇರುತ್ತದೆ. ಅದು ಈಗ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಸ್ಪತ್ರೆಗೆ ಹೋಗಿ. ನಿಮ್ಮ ಕಾಗದ ಬರುವವರೆಗೆ ನನಗೆ ನಿದ್ದೆ ಹತ್ತುವುದಿಲ್ಲ.

ನಿಮ್ಮ ಸುಲಿಯೆತಿ

*

ಫೋವಾ
18 ಜುಲೈ 1997

ಕಳ್ಳಿ,

ಒಂದು ಮೊಳ ಕತ್ತರಿಸಿದಳಂತೆ. ಆ ಕಾಗದ ಓದುವವರೆಗೆ ನಾನು ಎಷ್ಟು ಸಲ ಸತ್ತು ಹುಟ್ಟಿದೆ ಅಂತ ನಿನಗೆ ಗೊತ್ತೇನೇ? ಇರಲಿ. ನೀನು ದಪ್ಪಗಿದ್ದೀಯ ಅಂತ ಓದಿದಾಗ ಹೋದ ಜೀವ ಬಂತು. ಹೆಣೆಯುವ ಮನೆಗೆ ಓಡಿಹೋಗಿ, "ಹುಡುಗಿ ಸುಳ್ಳು ಹೇಳಿದ್ದಾಳೆ, ಚೆನ್ನಾಗಿದ್ದಾಳೆ" ಅಂತ ಕೂಗಿದೆ. ಕಾಲೋ ಮುದುಕಿ, "ಸದ್ಯ, ಸುಳ್ಳಿಯಾದ್ರೂ ಪರ್ವಾಗಿಲ್ಲ" ಅಂತ ಮತ್ತೆ ಹಾಡು ಹಿಡಿದಳು.

ಆಮೇಲೆ ಆಸ್ಪತ್ರೆಗೆ ಹೋದೆ. ನಿನಗೆ ಹೆದರಿ ಅಲ್ಲ, ಅಂಗಡಿಯ ಫೋನಿಗೆ ಹೆದರಿ.

ಶೆಡ್ಡಿನಲ್ಲಿ ಮೊಸೆಸೆ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿದ. ಮುಳ್ಳು ನೋಡಿದ, ನನ್ನ ಮುಖ ನೋಡಲಿಲ್ಲ. ಪೈಲಟ್ಟಿನ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿ ಬಂದ. ಇಡೀ ಶೆಡ್ಡಿನಲ್ಲಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು. ಸುಲಿಯೆತಿ, ಆಗ ನನಗೆ ನಿನ್ನ ಕಾಗದ ಅರ್ಥವಾಯಿತು. ನಿನ್ನ ತೂಕವನ್ನು ಕೂಗಿದರು, ನನ್ನದನ್ನು ಪಿಸುಗುಟ್ಟಿದರು. ಎರಡೂ ಸಲ ತಕ್ಕಡಿಯ ಮೇಲೆ ನಿಂತವಳನ್ನು ಯಾರೂ ಏನೂ ಕೇಳಲಿಲ್ಲ. ನಾನು ಇಳಿಯಲಿಲ್ಲ. "ಮೊಸೆಸೆ, ನನಗೆ ಮೈ ಚೆನ್ನಾಗಿಲ್ಲ, ಡಾಕ್ಟರಿಗೆ ತೋರಿಸೋಕೆ ಹೋಗ್ತಿದ್ದೀನಿ" ಅಂತ ನಾನೇ ಗಟ್ಟಿಯಾಗಿ ಹೇಳಿದೆ. ಅಲ್ಲಿಯವರೆಗೆ ನಿನ್ನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಏನಾಯಿತು ಅಂದುಕೊಂಡೆ? ಒಬ್ಬಳು ನನ್ನ ಚೀಲ ಹಿಡಿದಳು, ಒಬ್ಬಳು ಬೇಯಿಸಿದ ಕೆಸುವಿನ ಗಡ್ಡೆ ಕಟ್ಟಿಕೊಟ್ಟಳು, ಮೊಸೆಸೆ ನನ್ನ ಜೊತೆಗೇ ವಿಮಾನ ಹತ್ತಿ ಆಸ್ಪತ್ರೆಯವರೆಗೂ ಬಂದ. ಒಂದು ವರ್ಷ ಬಟ್ಟೆ ಸುತ್ತಿಕೊಂಡು ಒದ್ದಾಡಿದ್ದು ಇದಕ್ಕೋ ಅನ್ನಿಸಿತು.

ನಿನ್ನ ಡಾಕ್ಟರು ಹೇಳಿದ್ದೇ ನಿಜ. ಥೈರಾಯ್ಡ್. ಆಸ್ಪತ್ರೆಯ ಡಾಕ್ಟರಮ್ಮ ನನ್ನ ಕತ್ತು ಮುಟ್ಟಿ ನೋಡಿ, ರಕ್ತ ತೆಗೆದು, ಮೂರನೇ ದಿನ ಕರೆದಳು. "ಇದು ಸಾಯೋ ಕಾಯಿಲೆ ಅಲ್ಲಮ್ಮ, ತಪ್ಪದೆ ಮಾತ್ರೆ ನುಂಗಿ ಅಷ್ಟೆ" ಅಂದಳು. ನಮ್ಮಮ್ಮನ ಕಥೆ ಹೇಳಿದೆ. ಅವಳದ್ದು ಇದೇ ಆಗಿತ್ತೋ ಬೇರೆಯೋ ಈಗ ಹೇಗೆ ಹೇಳೋದು ಅಂದಳು. ಅದೊಂದು ನೋವು ಉಳಿಯಿತು. ಆದರೆ ಆಚೆ ಬಂದು ಸಮುದ್ರದ ಗೋಡೆಯ ಮೇಲೆ ಕೂತಾಗ, ದೊಡ್ಡ ಮೂಟೆಯನ್ನು ಯಾರೋ ತಲೆಯಿಂದ ಇಳಿಸಿದ ಹಾಗಿತ್ತು. ಮೊಸೆಸೆ ಪಕ್ಕದಲ್ಲಿ ಕೂತು ಅಳುತ್ತಿದ್ದ, ಅವನಿಗೆ ಐಸ್‌ಕ್ರೀಮು ಕೊಡಿಸಿದೆ.

ಚಾಪೆಯ ವಿಷಯ. ನಿನ್ನ ಸುಳ್ಳು ದಾರದ ಅಳತೆಗೆ ಒಂದು ಹೆಣೆದಾಗಿತ್ತು. ಹೆದರಿದ್ದರೂ ಕೈ ಸುಮ್ಮನಿರಲಿಲ್ಲ. ಅದನ್ನು ಈಗ ನಾನೇ ಉಟ್ಟುಕೊಳ್ಳುತ್ತೇನೆ. ನಿನಗೆ ನನ್ನ ಹಳೆಯದು. ಅದು ನಮ್ಮತ್ತೆ ಉಟ್ಟದ್ದು, ನಿನ್ನಪ್ಪನನ್ನು ಮಡಿಲಲ್ಲಿ ಕೂರಿಸಿಕೊಂಡ ದಿನ ಅವಳ ಸೊಂಟದ ಮೇಲಿದ್ದದ್ದು. ಅಂಚೆಲ್ಲ ಹರಿದಿದೆ, ಅದೇ ಅದರ ಬೆಲೆ. ಅಗಲ ಸಾಲುತ್ತದೆ.

ಕೂರುವುದನ್ನು ಮಾತ್ರ ಪುನಃ ಕೇಳುತ್ತೇನೆ. ಅತ್ತೆಯಾಗಿ ಅಲ್ಲ, ಲೆಸಿಯೇಲಿಯಾಗಿ ಕೇಳುತ್ತೇನೆ. ನಿನಗೆ ಮನಸ್ಸಿದೆಯಾ? ಇಲ್ಲ ಅಂದರೆ ನನ್ನ ಬೇಲಿಯೇ ಗತಿ, ಫೆಲೆತಿ ಸಹಿಸಿಕೊಳ್ಳುತ್ತಾನೆ.

ಪಿಸಿಲಾ ಬಂದಿದ್ದಳು. ತಟ್ಟೆಗೆ ಬಡಿಸುವ ಮೊದಲು, "ಎಷ್ಟು ಬೇಕಮ್ಮ?" ಅಂತ ಕೇಳಿದೆ. ಹುಡುಗಿ ನನ್ನನ್ನು ಒಂದು ಥರ ನೋಡಿದಳು. ಆಮೇಲೆ ತಾನೇ ಬಡಿಸಿಕೊಂಡಳು, ಎರಡು ಸಲ.

ಅತ್ತೆ

*

ಬ್ರಿಸ್ಬೇನ್
14 ಸೆಪ್ಟೆಂಬರ್ 1997

ಅತ್ತೆ,

ಕಾಗದದಲ್ಲಿ ಉತ್ತರ ಬರೆಯದೆ ನೇರವಾಗಿ ಬಂದೇ ಕೂತೆನಲ್ಲ, ಅದನ್ನೇ ಉತ್ತರ ಎಂದುಕೊಂಡಿರಿ. ಮದುವೆಯನ್ನು ನೀವೂ ನೋಡಿದ್ದೀರಿ, ಅದರ ವರದಿ ಬೇಡ. ನಿಮಗೆ ಕಾಣದೇ ಇದ್ದದ್ದನ್ನು ಹೇಳುತ್ತೇನೆ.

ಆ ಹರಿದ ಅಂಚಿನ ಚಾಪೆಯನ್ನು ನೀವು ನನ್ನ ಸೊಂಟಕ್ಕೆ ಬಿಗಿಯುವಾಗ ನಾನು ತಪ್ಪಿಸಿಕೊಳ್ಳುವ ದಾರಿ ನೋಡುತ್ತಿದ್ದೆ. ಪಿಸಿಲಾ ಕಡೆಯವರ ಅಷ್ಟೊಂದು ಕಣ್ಣು. ರಾಶಿ ಹಾಕಿದ ಚಾಪೆಗಳ ಮೇಲೆ ಕೂತೆ, ನೀವು ನನಗೆ ಒತ್ತಿಕೊಂಡು ಪಕ್ಕದಲ್ಲಿ ಕೂತಿರಿ. ಫೆಲೆತಿ ಬಂದ. ಎಣ್ಣೆ ಹಚ್ಚಿದ ಮೈ, ಹೂವಿನ ಸರ, ಕಣ್ಣಲ್ಲಿ ನೀರು. ಅವನು ನನ್ನ ಮೇಲೆ ಪೂರ್ತಿ ಭಾರ ಬಿಡದೆ ಅರ್ಧ ಎದ್ದುಕೊಂಡೇ ಕೂತಿದ್ದ. ನನ್ನ ಕಿವಿಯಲ್ಲಿ, "ನೋಯ್ತಿದೆಯೇನಕ್ಕಾ?" ಅಂದ. "ಸರಿಯಾಗಿ ಕೂತ್ಕೊಳೋ, ಮದುಮಗ" ಅಂದೆ. ಆಗ ಅವನು ಭಾರ ಬಿಟ್ಟ. ಕಾಲನ್ನು ನಿಮ್ಮ ತೊಡೆಯ ಮೇಲೆ ಚಾಚಿದ. ನೀವು ಅವನ ಪಾದ ಹಿಡಿದುಕೊಂಡಿರಿ, ಚಿಕ್ಕವನಿದ್ದಾಗ ಹಿಡಿಯುತ್ತಿದ್ದ ಹಾಗೆ.

ಅಲ್ಲಿಂದ ಕುಣಿತ ಮುಗಿಯುವವರೆಗೆ ನನಗೆ ನನ್ನ ದೇಹದ ನೆನಪೇ ಬರಲಿಲ್ಲ. ಇಷ್ಟು ವರ್ಷ ನಾನು ಹೊತ್ತು ತಿರುಗುತ್ತಿದ್ದ ಭಾರ ಅವನು ಕೂತ ಮೇಲೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಇದ್ದದ್ದು ಅವನ ಭಾರ ಮಾತ್ರ, ಅದು ಹಿತವಾಗಿತ್ತು. ಊರಿನ ಕಣ್ಣೆಲ್ಲ ನನ್ನ ಮೇಲಿದ್ದಾಗಲೇ ಮೊದಲ ಸಲ ನಾನು ಅದನ್ನು ಮರೆತೆ. ಕೊನೆಗೆ ಅವನು ಎದ್ದಾಗ ತೊಡೆ ಜುಮ್ಮೆಂದು, ನಾನು ಏಳಲಾರದೆ ನಿಮ್ಮ ಹೆಗಲು ಹಿಡಿದುಕೊಂಡೆ. ನೀವು ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ, ಅದು ಶೆಡ್ಡಿನ ನಗು ಅಲ್ಲ.

ಹೊರಡುವ ದಿನ ಮೊಸೆಸೆ ತಕ್ಕಡಿಯ ಹತ್ತಿರ ನಿಂತು, "ಕೂಗ್ಲಾ, ಬೇಡ್ವಾ?" ಅಂತ ಮೊದಲು ಕೇಳಿದ. ಅದು ನಿಮ್ಮ ಕೆಲಸವೇ ಎಂದು ಗೊತ್ತಾಯಿತು. ಒಂದು ಕ್ಷಣ ಯೋಚಿಸಿದೆ. "ಪೈಲಟ್‌ಗೆ ಮಾತ್ರ ಹೇಳು. ಮುಂದಿನ ಸಲ ಬೇಕಾದ್ರೆ ಕೂಗುವಿಯಂತೆ" ಎಂದೆ. ಅವನು ಸರಿ ಎಂದು ತಲೆಯಾಡಿಸಿದ.

ಇಲ್ಲಿ ಬಸ್ಸಿನ ಸೀಟು ಹಾಗೆಯೇ ಖಾಲಿ ಇದೆ. ಬಟ್ಟೆಯಂಗಡಿಯ ಹುಡುಗಿ ಈಗಲೂ ಹ್ಯಾಂಡ್‌ಬ್ಯಾಗ್ ತೋರಿಸುತ್ತಾಳೆ. ಎಲ್ಲ ಸರಿಹೋಯಿತು ಎಂದು ಬರೆದರೆ ನಿಮ್ಮ ಹತ್ತಿರ ಮತ್ತೆ ದಾರ ಕತ್ತರಿಸಿದಂತೆ. ಆದರೆ ಕಾಲೇಜಿನಲ್ಲಿ ಕೈಯಿಲ್ಲದ ಕುರ್ಚಿ ಬೇಕು ಎಂದು ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ. ಮಾರನೆಯ ದಿನವೇ ತಂದಿಟ್ಟರು. ಹೋದ ವಾರ ದೇಹದ ಪಾಠ ಮತ್ತೆ ಬಂತು. ಈ ಸಲ ಹುಡುಗರಿಗೆ ಮಡಿಲಿನ ವಿಷಯ ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಗುಂಡು ಹುಡುಗಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದಳು.

ಮಾತ್ರೆ ತಪ್ಪಿಸಬೇಡಿ.

ಸುಲಿಯೆತಿ

*

ಫೋವಾ
2 ನವೆಂಬರ್ 1997

ಸುಲಿಯೆತಿ,

ಮಾತ್ರೆ ತಪ್ಪಿಸಿಲ್ಲ. ಕೈ ನಡುಕ ನಿಂತಿದೆ, ಸೂಜಿಗೆ ನಾನೇ ದಾರ ಪೋಣಿಸುತ್ತೇನೆ. ಚರ್ಚಿನವರು ಮತ್ತೆ ಪಂದ್ಯ ಇಟ್ಟರು. ಈ ಸಲ ನಾನೇ ಕೊನೆ. "ಯಾಕೆ ಮಿಸ್, ಹೀಗಾಯ್ತು?" ಅಂತ ಅವರಿಗೆ ಬೇಜಾರು. ನಾನು ಮನೆಗೆ ಬಂದು ಬೂಟಿನಲ್ಲಿ ಬೆಳೆದ ಮೆಣಸಿನಕಾಯಿ ಅರೆದು ಮೀನು ಮಾಡಿಕೊಂಡು ತಿಂದೆ.

ನಿನ್ನೆ ಫೆಲೆತಿ ಬಂದು ತೊಡೆಯ ಮೇಲೆ ಕೂತು ನೋಡಿದ. "ಬೇಲಿ ಹೋಗಿ ಬೆಂಚು ಆಗಿದೆಯತ್ತೆ" ಅಂದ. ಪಿಸಿಲಾ ಅವನ ಬೆನ್ನಿಗೊಂದು ಗುದ್ದಿ ಎಬ್ಬಿಸಿದಳು.

ಕವರಿನಲ್ಲಿ ನನ್ನ ಸೊಂಟದ ದಾರ ಇದೆ. ಬಟ್ಟೆ ಗಿಟ್ಟೆ ಏನೂ ಸುತ್ತಿಕೊಂಡಿಲ್ಲ, ಬರೀ ಮೈಯ ಅಳತೆ. ಜೂನಿನಲ್ಲಿ ಬಂದ ನಿನ್ನ ದಾರದ ಪಕ್ಕ ಇಟ್ಟು ನೋಡಿದೆ, ಒಂದು ಗೇಣು ಉದ್ದ ಬಂದಿದೆ. ನಿನ್ನದನ್ನೂ ಕಳಿಸು, ಹೊಸ ಚಾಪೆ ಹೆಣೆಯಬೇಕು. ಈ ಸಲ ಕತ್ತರಿ ದೂರ ಇಡು. ಆರಾಮವಾಗಿ ಕೂತು, ಉಸಿರಾಡಿಕೊಂಡು ಅಳೆ.

ನಿನ್ನ ಅತ್ತೆ,
ಲೆಸಿಯೇಲಿ